ಮನೆಯ ವಿಳಾಸ ಊರಗೋಡೆಯ ಮೇಲೇಕೆ?

ಮಠದ ದಾಸೋಹದ ಲೆಕ್ಕದ ಪುಸ್ತಕವನ್ನು ಕಂಡವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಯಾರು ಎಷ್ಟು ಚೀಲ ಜೋಳ ಕೊಟ್ಟರು, ಯಾರ ಮನೆಯಿಂದ ಎಷ್ಟು ಬೆಲ್ಲ ಬಂದಿತು, ಕೊಟ್ಟವರ ಊರು ಯಾವುದು, ಮನೆತನ ಯಾವುದು ಎಂಬುದೆಲ್ಲವೂ ಅದರಲ್ಲಿ ದಾಖಲಾಗಿರುತ್ತದೆ. ಲೆಕ್ಕವಿಲ್ಲದ ದಾಸೋಹ ಬಹುಕಾಲ ನಡೆಯಲಾರದು. ಆದರೆ ಆ ಪುಸ್ತಕವನ್ನು ಮಠದ ಹೆಬ್ಬಾಗಿಲಿಗೆ ತೂಗುಹಾಕುವ ಪದ್ಧತಿ ಎಲ್ಲಿಯೂ ಇಲ್ಲ. ಅದು ಲೆಕ್ಕ ಬರೆಯುವವರ ಪೆಟ್ಟಿಗೆಯಲ್ಲಿರುತ್ತದೆ. ಕೇಳುವ ಹಕ್ಕುಳ್ಳವರು ಕಾರಣ ಹೇಳಿ ಕೇಳಿದಾಗ ಹೊರಗೆ ಬರುತ್ತದೆ. ದೊಡ್ಡ ದಾನಿಗಳ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುವುದುಂಟು. ಅವರ ಮನೆಯ ದಾರಿಯನ್ನು ಯಾರೂ ಕೆತ್ತಿಸುವುದಿಲ್ಲ. ಬರೆದಿಡುವುದು ಬೇರೆ, ಬೀದಿಗೆ ಹಿಡಿಯುವುದು ಬೇರೆ ಎಂಬ ವಿವೇಕ ನಮ್ಮ ಹಿರಿಯರಿಗೆ ಸಹಜವಾಗಿಯೇ ಇದ್ದಿತು.

ಈ ಸರಳವಾದ ವಿವೇಕವನ್ನು ಅಂತರ್ಜಾಲದ ಲೋಕವು ಕಲಿಯುವುದಕ್ಕೆ ಮೂವತ್ತಾರು ವರ್ಷಗಳು ಬೇಕಾದವು. ಅಲ್ಲಿಯವರೆಗೆ, ಜಾಲತಾಣವೊಂದಕ್ಕೆ ಹೆಸರನ್ನು ಪಡೆದವನ ಸ್ವಂತ ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆ ಇವೆಲ್ಲವೂ ಲೋಕದ ಯಾವ ಮೂಲೆಯಲ್ಲಿರುವ ಯಾರು ಬೇಕಾದರೂ ಓದಬಹುದಾದ ಬಹಿರಂಗ ಪುಸ್ತಕದಲ್ಲಿ ಇರುತ್ತಿದ್ದವು. ಈ ವಿಷಯ ಗಣಕಯಂತ್ರ ಬಲ್ಲವರಿಗೆ ಮಾತ್ರ ಸೇರಿದ್ದೆಂದು ಓದುಗರು ಪುಟ ತಿರುವಬಾರದಾಗಿ ವಿನಂತಿ. ಇಂದು ಮಠಗಳಿಗೆ, ಶಾಲೆಗಳಿಗೆ, ಬಳಗಗಳಿಗೆ, ವಧೂವರರ ಮಾಹಿತಿ ಕೇಂದ್ರಗಳಿಗೆ, ಸಣ್ಣ ಅಂಗಡಿಗಳಿಗೂ ಜಾಲತಾಣಗಳಿವೆ. ಅವುಗಳ ಹಿಂದೆ ನಮ್ಮ ನಿಮ್ಮ ಮನೆಗಳ ಮಗನೋ ಮಗಳೋ ಸೊಸೆಯೋ ಇರುತ್ತಾರೆ. ನೋಂದಣಿಯ ಅರ್ಜಿಯಲ್ಲಿ ಬರೆಯಲ್ಪಡುವುದು ಅವರ ಹೆಸರೇ.

ನಾವು ಕಂಡ ಒಂದು ಪ್ರಸಂಗ

2014ರ ಮಾತು. ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಕಾಲೇಜು ಉಪನ್ಯಾಸಕಿಯಾಗಿದ್ದ ಶರಣೆಯೊಬ್ಬರು ತಮ್ಮ ಅಕ್ಕನ ಬಳಗದ ಉಪನ್ಯಾಸಗಳನ್ನೂ ವಚನಗಾಯನವನ್ನೂ ಎಲ್ಲರಿಗೂ ತಲುಪಿಸಬೇಕೆಂದು ಬಯಸಿದರು. ಜಾಲತಾಣ ಮಾಡು ತಂಗಿ, ಕಾಲ ಬದಲಾಗಿದೆ ಎಂದು ಹುರಿದುಂಬಿಸಿದವರಲ್ಲಿ ನಾವೂ ಒಬ್ಬರು. ಅವರು ಕೆಲವು ನೂರು ರೂಪಾಯಿ ಕಟ್ಟಿ ಒಂದು ಹೆಸರನ್ನು ಪಡೆದರು. ಅರ್ಜಿಯಲ್ಲಿ ಕೇಳಿದ್ದಕ್ಕೆಲ್ಲ ನಿಜವನ್ನೇ ಬರೆದರು: ತಮ್ಮ ಪೂರ್ಣ ಹೆಸರು, ಮನೆಯ ಸಂಖ್ಯೆ, ಅಡ್ಡರಸ್ತೆ, ಮೊಬೈಲ್ ಸಂಖ್ಯೆ. ಸುಳ್ಳು ಬರೆಯುವುದು ಅವರು ಬೆಳೆದ ಮನೆಯ ಸಂಸ್ಕಾರವಾಗಿರಲಿಲ್ಲ. ವಿವರಗಳನ್ನು ಮರೆಮಾಡುವ ಸೇವೆಯೊಂದು ಹೆಚ್ಚಿನ ಹಣಕ್ಕೆ ದೊರೆಯುವುದೆಂದು ಆ ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇದ್ದಿತಂತೆ. ಹಾಗೆಂದರೇನೆಂದು ತಿಳಿಯದೆ ಅವರು ಅದನ್ನು ಬಿಟ್ಟರು.

ಎರಡು ದಿನ ಕಳೆಯುವುದರೊಳಗೆ ಕರೆಗಳು ಬರತೊಡಗಿದವು. ಜಾಲತಾಣ ಕಟ್ಟಿಕೊಡುತ್ತೇವೆ, ಲಾಂಛನ ಬಿಡಿಸಿಕೊಡುತ್ತೇವೆ ಎಂದು ದಿನಕ್ಕೆ ಹತ್ತಾರು ಮಂದಿ. ಪಾಠ ಹೇಳುವಾಗಲೂ ಕರೆ, ಪೂಜೆಗೆ ಕುಳಿತಾಗಲೂ ಕರೆ. ಅದನ್ನು ಅವರು ಸಹಿಸಿಕೊಂಡರು. ಆದರೆ ಕೆಲವು ತಿಂಗಳುಗಳ ನಂತರ, ಮದುವೆಯ ಆಡಂಬರವನ್ನೂ ವರದಕ್ಷಿಣೆಯನ್ನೂ ಖಂಡಿಸಿ ಅವರು ಬರೆದ ಲೇಖನವೊಂದು ಯಾರನ್ನೋ ಕೆರಳಿಸಿತು. ಲೇಖನದಲ್ಲಿ ಯಾರ ಹೆಸರೂ ಇರಲಿಲ್ಲ. ಓದಿದವನು ತನ್ನದೇ ಮಾತೆಂದು ಭಾವಿಸಿದ್ದನು. ನಡುರಾತ್ರಿಯಲ್ಲಿ ಕರೆಗಳು ಬಂದವು. ಕರೆ ಮಾಡಿದವನು ಮನೆಯ ಸಂಖ್ಯೆಯನ್ನು ಹೇಳಿ, ನಿಮ್ಮ ಮನೆ ನನಗೆ ಗೊತ್ತು ಎಂದನು. ಒಂದು ಸಂಜೆ ಅಪರಿಚಿತನೊಬ್ಬ ಮನೆಯ ಗೇಟಿನ ಮುಂದೆ ಬಹಳ ಹೊತ್ತು ನಿಂತಿದ್ದನು. ಮನೆಯಲ್ಲಿದ್ದವರು ಅವರು ಮತ್ತು ಅವರ ವೃದ್ಧ ತಾಯಿ, ಇಬ್ಬರೇ.

ಮರುದಿನ ಅವರು ನಮ್ಮಲ್ಲಿಗೆ ಬಂದರು. “ಗುರುಗಳೇ, ನಾನು ಬರೆದದ್ದು ತಪ್ಪೆನಿಸಿದರೆ ಯಾರಾದರೂ ಉತ್ತರ ಬರೆಯಲಿ, ನಾನು ಬೇಡವೆನ್ನುವುದಿಲ್ಲ. ಆದರೆ ಮನೆಯ ಬಾಗಿಲಿಗೆ ಏಕೆ ಬರಬೇಕು? ನಮ್ಮ ಮನೆಯ ದಾರಿಯನ್ನು ಅವನಿಗೆ ತೋರಿಸಿದವರು ಯಾರು?” ಎಂದು ಕೇಳಿದರು. ನಮಗೆ ಉತ್ತರ ತಿಳಿದಿರಲಿಲ್ಲ. ಗಣಕಯಂತ್ರದ ಕೆಲಸ ಬಲ್ಲ ನಮ್ಮ ಶಿಷ್ಯನೊಬ್ಬನು ಎರಡು ನಿಮಿಷದಲ್ಲಿ ಆ ಜಾಲತಾಣದ ಹೆಸರನ್ನು ಒತ್ತಿ, ಪರದೆಯ ಮೇಲೆ ಆ ತಾಯಿಯ ಮನೆಯ ವಿಳಾಸವನ್ನು ತೋರಿಸಿದನು. ದಾರಿ ತೋರಿಸಿದ್ದು ಅವರೇ ತುಂಬಿದ ಅರ್ಜಿ. ಅವರು ಜಾಲತಾಣವನ್ನು ಮುಚ್ಚಿದರು. ಪ್ರೋತ್ಸಾಹಿಸಿದ ನಾವು ಎಚ್ಚರಿಸಲಿಲ್ಲವಲ್ಲ ಎಂಬ ಕೊರಗು ನಮ್ಮನ್ನು ಈ ವಿಷಯವನ್ನು ಅರಿಯುವಂತೆ ಮಾಡಿತು. ಅರಿತದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಹೆಸರು ಮತ್ತು ಅದರ ಖಾತೆ

ಅಂತರ್ಜಾಲದಲ್ಲಿರುವ ಪ್ರತಿಯೊಂದು ಗಣಕಯಂತ್ರಕ್ಕೂ ಅಂಕಿಗಳಿಂದಾದ ಒಂದು ವಿಳಾಸವಿರುತ್ತದೆ. ಮನುಷ್ಯರಿಗೆ ಆ ಅಂಕಿಗಳನ್ನು ನೆನಪಿಡುವುದು ಕಷ್ಟವಾದ್ದರಿಂದ ಅವುಗಳಿಗೆ ಬದಲಾಗಿ ಹೆಸರುಗಳನ್ನು ಬಳಸುವ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ರೂಪಿಸಿದರು. ಈ ಹೆಸರಿಗೆ ಡೊಮೇನ್ ಎನ್ನುತ್ತಾರೆ. ಕೊನೆಯಲ್ಲಿ ‘ಡಾಟ್ ಕಾಮ್’, ‘ಡಾಟ್ ಆರ್ಗ್’, ‘ಡಾಟ್ ಇನ್’ ಎಂದು ಬರುವ ಹೆಸರುಗಳು ಓದುಗರಿಗೆ ಪರಿಚಿತವೇ. ಕನ್ನಡದ ಅಕ್ಷರಗಳಲ್ಲಿಯೇ ‘ಡಾಟ್ ಭಾರತ’ ಎಂದು ಮುಗಿಯುವ ಹೆಸರನ್ನೂ ಈಗ ಪಡೆಯಬಹುದು. ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಇಂದು ಡಾಟ್ ಕಾಮ್ ಹೆಸರುಗಳೇ 15 ಕೋಟಿಯನ್ನು ಮೀರಿವೆ.

ಈ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಹೊಲವನ್ನು ಲಾವಣಿಗೆ ಹಿಡಿದಂತೆ ಒಂದು ವರ್ಷಕ್ಕೋ ಹಲವು ವರ್ಷಗಳಿಗೋ ಹಣ ಕಟ್ಟಿ ಪಡೆಯುತ್ತಾರೆ. ಅವಧಿ ಮುಗಿಯುವ ಮುನ್ನ ನವೀಕರಿಸುತ್ತಾರೆ. ಹೆಸರನ್ನು ಕೊಡುವ ವ್ಯಾಪಾರಿ ಸಂಸ್ಥೆಗಳಿಗೆ ರಿಜಿಸ್ಟ್ರಾರ್ ಎಂದು ಹೆಸರು. ಡಾಟ್ ಕಾಮ್ ಮುಂತಾದ ಸಾಮಾನ್ಯ ಹೆಸರುಗಳ ವಿಷಯದಲ್ಲಿ ಇವುಗಳ ಮೇಲೆ ನಿಯಮ ವಿಧಿಸುವುದು 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ. ಡಾಟ್ ಇನ್ ಹೆಸರುಗಳ ಹೊಣೆ 2003ರಲ್ಲಿ ನಮ್ಮ ದೇಶದಲ್ಲಿ ಸ್ಥಾಪಿತವಾದ ನಿಕ್ಸಿ ಎಂಬ ಸಂಸ್ಥೆಯದು. ಯಾವ ಹೆಸರು ಯಾರದು ಎಂಬ ಖಾತೆಯನ್ನು ಇಡುವುದು ಈ ವ್ಯವಸ್ಥೆಯ ಅವಶ್ಯಕ ಅಂಗ. ಖಾತೆಯಿಲ್ಲದಿದ್ದರೆ ಹೊಲದ ಗಡಿಯಂತೆ ಇಲ್ಲಿಯೂ ಜಗಳ ತಪ್ಪಿದ್ದಲ್ಲ.

ತೆರೆದ ಪುಸ್ತಕ ಹುಟ್ಟಿದ ಬಗೆ

ಹಾಗಾದರೆ ಆ ಖಾತೆಯನ್ನು ಲೋಕಕ್ಕೆಲ್ಲ ತೆರೆದಿಟ್ಟವರು ಯಾರು? ಅವರಲ್ಲಿ ದುರುದ್ದೇಶವೇನೂ ಇರಲಿಲ್ಲ. ಅಂತರ್ಜಾಲದ ಪೂರ್ವರೂಪವಾದ ಆರ್ಪಾನೆಟ್, ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1969ರಲ್ಲಿ ಆರಂಭವಾಯಿತು. ಅದನ್ನು ಬಳಸುತ್ತಿದ್ದವರು ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾಲಯಗಳ ವಿದ್ವಾಂಸರು. ಅವರ ಹೆಸರು ವಿಳಾಸಗಳ ಕೈಪಿಡಿಯನ್ನು ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕ್‌ನಲ್ಲಿದ್ದ ಮಾಹಿತಿ ಕೇಂದ್ರವೊಂದು ಸಿದ್ಧಪಡಿಸುತ್ತಿತ್ತು. ಎಲಿಜಬೆತ್ ಫೈನ್ಲರ್ ಎಂಬ ಮಹಿಳೆ ಅದರ ಮುಖ್ಯಸ್ಥೆಯಾಗಿದ್ದರು. 1982ರ ಮಾರ್ಚ್‌ನಲ್ಲಿ ಅದೇ ಕೇಂದ್ರದ ಕೆನ್ ಹ್ಯಾರೆನ್‌ಸ್ಟೀನ್ ಮತ್ತು ವಿಕ್ ವೈಟ್ ಎಂಬುವರು ಈ ಕೈಪಿಡಿಯನ್ನು ಗಣಕಯಂತ್ರದ ಮೂಲಕವೇ ಕೇಳಿ ತಿಳಿಯುವ ವಿಧಾನವನ್ನು ಪ್ರಕಟಿಸಿದರು. ಅದರ ಹೆಸರು ‘ಹೂ ಈಸ್’. ‘ಯಾರು ಇವರು?’ ಎಂದು ಕೇಳುವ ಪ್ರಶ್ನೆಯೇ ಅದರ ಹೆಸರಾಯಿತು.

ಅಂದಿನ ಆ ಜಾಲವು ಒಂದು ಅಗ್ರಹಾರದಂತೆ, ಒಂದು ಗುರುಕುಲದಂತೆ ಇದ್ದಿತು. ಒಬ್ಬರ ಯಂತ್ರ ಕೆಟ್ಟರೆ ಇನ್ನೊಬ್ಬರು ದೂರವಾಣಿ ಮಾಡಿ ತಿಳಿಸಬೇಕಾಗಿದ್ದಿತು. ಬರೆಯುತ್ತಿದ್ದುದೂ ಬಹುಮಟ್ಟಿಗೆ ಕಚೇರಿಯ ವಿಳಾಸವೇ. ಚಿಕ್ಕ ಊರಿನಲ್ಲಿ ಬಾಗಿಲಿಗೆ ಅಗುಳಿ ಹಾಕದೆ ಮಲಗಿದಂತೆ ಅವರು ಇದ್ದರು. 1990ರ ದಶಕದಲ್ಲಿ ಜಾಲವು ವ್ಯಾಪಾರಕ್ಕೂ ಮನೆಮನೆಗೂ ತೆರೆದುಕೊಂಡಿತು. ಊರು ಮಹಾನಗರವಾಯಿತು, ಬಾಗಿಲು ಮಾತ್ರ ಹಾಗೆಯೇ ತೆರೆದಿದ್ದಿತು. ಐಕ್ಯಾನ್ ಸಂಸ್ಥೆಯು ಈ ಹಳೆಯ ರೂಢಿಯನ್ನೇ ಕರಾರಿನ ಕಟ್ಟಳೆಯಾಗಿ ಮಾಡಿತು. ಹೆಸರು ಪಡೆದವನು ತನ್ನ ನಿಜವಾದ ವಿವರವನ್ನು ಕೊಡಲೇಬೇಕು, ರಿಜಿಸ್ಟ್ರಾರ್ ಅದನ್ನು ಸಾರ್ವಜನಿಕರಿಗೆ ತೋರಿಸಲೇಬೇಕು ಎಂಬುದು ಆ ಕರಾರು. ವಿದ್ವಾಂಸರ ಕಚೇರಿಗಳಿಗಾಗಿ ಮಾಡಿದ ಅಂಗಿಯನ್ನು ಗೃಹಿಣಿಗೂ ವಿದ್ಯಾರ್ಥಿಗೂ ವೃದ್ಧರಿಗೂ ತೊಡಿಸಿದಂತಾಯಿತು.

ಇದರ ಫಲವನ್ನು ಮೊದಲು ಉಂಡವರು ವ್ಯಾಪಾರಿಗಳು ಮತ್ತು ವಂಚಕರು. ಹೊಸದಾಗಿ ನೋಂದಣಿಯಾದ ಹೆಸರುಗಳ ವಿವರವನ್ನು ಯಂತ್ರಗಳ ಮೂಲಕ ರಾಶಿರಾಶಿಯಾಗಿ ಬಾಚಿ, ಪಟ್ಟಿ ಮಾಡಿ, ಮಾರುವ ಉದ್ಯೋಗವೇ ಹುಟ್ಟಿಕೊಂಡಿತು. ನಿಮ್ಮ ಹೆಸರಿನ ಅವಧಿ ಮುಗಿಯುತ್ತಿದೆ, ಕೂಡಲೇ ಹಣ ಕಟ್ಟಿ ಎಂದು ಸರಕಾರಿ ಪತ್ರದಂತೆ ತೋರುವ ಸುಳ್ಳು ಪತ್ರಗಳು ಅನೇಕ ದೇಶಗಳಲ್ಲಿ ಮನೆಗಳಿಗೆ ಬಂದವು. ಅದಕ್ಕಿಂತ ಕ್ರೂರವಾದದ್ದು ಬೇರೊಂದು. ಹಿಂಸಿಸುವ ಗಂಡನನ್ನು ಬಿಟ್ಟು ಬಂದು ಬೇರೆ ಊರಿನಲ್ಲಿ ಹೊಲಿಗೆಯನ್ನೋ ಹಪ್ಪಳ ಸಂಡಿಗೆಯನ್ನೋ ಮಾರಿ ಬದುಕುವ ಹೆಣ್ಣುಮಗಳು ಒಂದು ಜಾಲತಾಣ ತೆರೆದಳೆಂದು ಭಾವಿಸಿ. ಅವಳು ಅಡಗಿಸಿಕೊಂಡ ವಿಳಾಸ ಅವನಿಗೆ ಕ್ಷಣದಲ್ಲಿ ಸಿಗುತ್ತಿತ್ತು. ಅನ್ಯಾಯವನ್ನು ಬಯಲಿಗೆಳೆಯುವ ಬರಹಗಾರನ ಸ್ಥಿತಿಯೂ ಇದೇ. ಬರೆದದ್ದಕ್ಕೆ ಉತ್ತರ ಹೇಳಬೇಕಾದ ಹೊಣೆ ಅವನದು, ಆದರೆ ಅವನ ಮಕ್ಕಳು ಮಲಗುವ ಕೋಣೆಯ ದಾರಿಯನ್ನು ಲೋಕಕ್ಕೆ ತೋರಿಸಬೇಕಾದ ಹೊಣೆ ಅವನದಲ್ಲ.

ಇದಕ್ಕೆ ಮಾರುಕಟ್ಟೆ ಕಂಡುಕೊಂಡ ಪರಿಹಾರವೆಂದರೆ ಮರೆಯ ಸೇವೆ. 2002ರ ಹೊತ್ತಿಗೆ ಅಮೆರಿಕದಲ್ಲಿ ಇಂಥ ಸಂಸ್ಥೆಗಳು ಹುಟ್ಟಿದವು. ಮಾಲೀಕನ ವಿಳಾಸವಿರಬೇಕಾದ ಜಾಗದಲ್ಲಿ ಅವು ತಮ್ಮ ವಿಳಾಸವನ್ನು ತೋರಿಸಿ, ಬಂದ ಪತ್ರಗಳನ್ನು ಮಾಲೀಕನಿಗೆ ಮುಟ್ಟಿಸುತ್ತಿದ್ದವು. ಆದರೆ ಅದಕ್ಕೆ ಪ್ರತ್ಯೇಕ ಹಣ. ಹಣವುಳ್ಳವನಿಗೆ, ವಿಷಯ ಬಲ್ಲವನಿಗೆ ಮಾತ್ರ ಬಾಗಿಲು ಮುಚ್ಚುವ ಹಕ್ಕು; ಉಳಿದವರ ಮನೆ ಬಟಾಬಯಲು. 2005ರಲ್ಲಿ ಅಮೆರಿಕದ ವಾಣಿಜ್ಯ ಇಲಾಖೆಯು ತನ್ನ ದೇಶದ ‘ಡಾಟ್ ಯುಎಸ್’ ಹೆಸರುಗಳಿಗೆ ಈ ಮರೆಯನ್ನೂ ನಿಷೇಧಿಸಿತು. ಆಗ ಅಲ್ಲಿ ದೊಡ್ಡ ವಿರೋಧ ವ್ಯಕ್ತವಾಯಿತು. 2015ರಲ್ಲಿ ಐಕ್ಯಾನಿನ ಸಮಿತಿಯೊಂದು, ವ್ಯಾಪಾರ ಮಾಡುವ ಜಾಲತಾಣಗಳ ಒಡೆಯರಿಗೆ ಮರೆಯ ಸೇವೆ ಸಲ್ಲಬೇಕೇ ಬೇಡವೇ ಎಂದು ಅಭಿಪ್ರಾಯ ಕೇಳಿದಾಗ ಸಾವಿರಾರು ಜನರು ಆ ಹಕ್ಕನ್ನು ಕಿತ್ತುಕೊಳ್ಳಬೇಡಿರೆಂದು ಬರೆದರು.

ಇನ್ನೊಂದು ಪಕ್ಷದ ಮಾತು

ಇಲ್ಲಿ ನ್ಯಾಯವಾಗಿ ಪೂರ್ವಪಕ್ಷವನ್ನೂ ಕೇಳಬೇಕು. ಒಂದು ಮಠದ ಹೆಸರನ್ನೇ ಹೋಲುವ ಹೆಸರಿನಲ್ಲಿ ಕಳ್ಳನೊಬ್ಬ ಜಾಲತಾಣ ತೆರೆದು, ಜೀರ್ಣೋದ್ಧಾರಕ್ಕೆ ಕಾಣಿಕೆ ಕಳುಹಿಸಿರೆಂದು ಭಕ್ತರಿಂದ ಹಣ ಎತ್ತಿದರೆ ಅವನನ್ನು ಹಿಡಿಯುವುದು ಹೇಗೆ? ಬ್ಯಾಂಕಿನ ಹೆಸರಿನಲ್ಲಿ, ಉದ್ಯೋಗ ಕೊಡಿಸುವ ಹೆಸರಿನಲ್ಲಿ ಇಂಥ ವಂಚನೆ ನಿತ್ಯವೂ ನಡೆಯುತ್ತಿದೆ. ಎಲ್ಲರ ವಿವರವೂ ಬಯಲಿನಲ್ಲಿದ್ದರೆ ಪೊಲೀಸರಿಗೂ, ವಂಚನೆಯನ್ನು ಪತ್ತೆಹಚ್ಚುವ ತಜ್ಞರಿಗೂ, ಪತ್ರಕರ್ತರಿಗೂ ಅನುಕೂಲವಲ್ಲವೇ ಎಂದು ಅವರು ಕೇಳುತ್ತಾರೆ. ಈ ಮಾತನ್ನು ತಳ್ಳಿಹಾಕಲಾಗದು. ಒಂದೇ ವಿಳಾಸದಿಂದ ನೂರಾರು ಕಳ್ಳ ಹೆಸರುಗಳು ನೋಂದಣಿಯಾಗಿರುವುದನ್ನು ತಜ್ಞರು ಈ ತೆರೆದ ಪುಸ್ತಕದಿಂದಲೇ ಗುರುತಿಸುತ್ತಿದ್ದರು. ಪುಸ್ತಕ ಮುಚ್ಚಿದ ಮೇಲೆ ಅವರ ಕೆಲಸ ಕಷ್ಟವಾದದ್ದು ನಿಜ.

ಆದರೆ ಸ್ವಲ್ಪ ವಿಚಾರಿಸಿದರೆ ಈ ವಾದದ ಕೊರತೆಯೂ ಕಾಣುತ್ತದೆ. ಕದಿಯಲು ಬಂದವನು ತನ್ನ ಮನೆಯ ನಿಜವಾದ ವಿಳಾಸವನ್ನು ಅರ್ಜಿಯಲ್ಲಿ ಬರೆಯುತ್ತಾನೆಯೇ? ಅವನು ಸುಳ್ಳು ಹೆಸರನ್ನೋ ಬೇರೆಯವರಿಂದ ಕದ್ದ ಹೆಸರನ್ನೋ ಬರೆಯುತ್ತಾನೆ. ನಿಜ ಬರೆಯುವವರು ಆ ಉಪನ್ಯಾಸಕಿಯಂಥವರು. ಹೀಗೆ ತೆರೆದ ಪುಸ್ತಕವು ಸತ್ಯವಂತರನ್ನು ಬಯಲಿಗೆ ನಿಲ್ಲಿಸಿ ಸುಳ್ಳುಗಾರರಿಗೆ ಆಶ್ರಯ ಕೊಡುತ್ತಿತ್ತು. ಅಷ್ಟೇ ಅಲ್ಲ, ಒಳ್ಳೆಯವರೂ ಭಯದಿಂದ ಸುಳ್ಳು ಬರೆಯುವಂತೆ ಮಾಡುತ್ತಿತ್ತು. ನಿಜ ಹೇಳಿದವನಿಗೆ ಶಿಕ್ಷೆಯಾಗುವ ವ್ಯವಸ್ಥೆಯಲ್ಲಿ ಖಾತೆಯು ಶುದ್ಧವಾಗಿರಲು ಸಾಧ್ಯವಿಲ್ಲ. ವಿವರವು ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆಂಬ ನಂಬಿಕೆಯಿದ್ದಾಗಲೇ ಜನರು ನಿಜ ಬರೆಯುತ್ತಾರೆ. ಆದ್ದರಿಂದ ಖಾಸಗಿತನ ಮತ್ತು ಉತ್ತರದಾಯಿತ್ವಗಳು ಒಂದಕ್ಕೊಂದು ಶತ್ರುಗಳಲ್ಲ. ಮೊದಲನೆಯದು ಇದ್ದರೇ ಎರಡನೆಯದು ಗಟ್ಟಿಯಾಗುತ್ತದೆ ಎಂಬುದು ನಮ್ಮ ಸಿದ್ಧಾಂತಪಕ್ಷ.

ಪುಸ್ತಕ ಮುಚ್ಚಿದ ವರ್ಷ

ಬದಲಾವಣೆ ಬಂದದ್ದು ಯುರೋಪಿನಿಂದ. ಯುರೋಪಿನ ಒಕ್ಕೂಟವು 2016ರಲ್ಲಿ ಅಂಗೀಕರಿಸಿದ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾನೂನು 2018ರ ಮೇ 25ರಂದು ಜಾರಿಗೆ ಬಂದಿತು. ಅದನ್ನು ಉಲ್ಲಂಘಿಸಿದ ಸಂಸ್ಥೆಗೆ 2 ಕೋಟಿ ಯುರೋ ಅಥವಾ ಅದರ ಜಾಗತಿಕ ವಾರ್ಷಿಕ ವಹಿವಾಟಿನ ಶೇಕಡಾ 4, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ದಂಡ ವಿಧಿಸಬಹುದು. ಐಕ್ಯಾನ್ ಸಂಸ್ಥೆಯು ಎಚ್ಚೆತ್ತು ಮೇ 17ರಂದು ತಾತ್ಕಾಲಿಕ ನಿಯಮವೊಂದನ್ನು ಹೊರಡಿಸಿತು. ರಿಜಿಸ್ಟ್ರಾರ್‌ಗಳು ವಿವರವನ್ನು ಪಡೆಯುವುದು ಮುಂದುವರಿಯಲಿ, ಆದರೆ ವ್ಯಕ್ತಿಯ ಹೆಸರು, ಬೀದಿ, ದೂರವಾಣಿ, ಇ-ಮೇಲ್ ವಿಳಾಸಗಳನ್ನು ಬಹಿರಂಗವಾಗಿ ತೋರಿಸುವುದು ಬೇಡ ಎಂಬುದು ಅದರ ಸಾರ. ಅನೇಕ ರಿಜಿಸ್ಟ್ರಾರ್‌ಗಳು ಯುರೋಪಿನವರಿಗೆ ಒಂದು, ಉಳಿದವರಿಗೆ ಒಂದು ಎಂದು ಭೇದ ಮಾಡದೆ ಎಲ್ಲರ ವಿವರಕ್ಕೂ ಮರೆ ಕಟ್ಟಿದರು. ಹೀಗೆ ಯುರೋಪಿನ ಕಾನೂನಿನ ನೆರಳು ನಮ್ಮ ಊರುಗಳವರೆಗೂ ಬಂದಿತು.

ಆ ಕಾನೂನು ಜಾರಿಗೆ ಬಂದ ದಿನವೇ ಜರ್ಮನಿಯ ಬಾನ್ ನಗರದಲ್ಲಿ ಒಂದು ಸ್ವಾರಸ್ಯದ ವ್ಯಾಜ್ಯ ಹೂಡಲ್ಪಟ್ಟಿತು. ಹಳೆಯ ಕರಾರಿನ ಪ್ರಕಾರ ಒಂದು ಹೆಸರಿಗೆ ಒಡೆಯನ ವಿವರವಲ್ಲದೆ ಆಡಳಿತ ನೋಡಿಕೊಳ್ಳುವವನದು, ತಾಂತ್ರಿಕ ಕೆಲಸ ಮಾಡುವವನದು ಎಂದು ಇನ್ನೂ ಇಬ್ಬರ ವಿವರವನ್ನು ಪಡೆಯಬೇಕಾಗಿದ್ದಿತು. ಎಪಾಗ್ ಎಂಬ ಅಲ್ಲಿನ ರಿಜಿಸ್ಟ್ರಾರ್, ಒಡೆಯನು ಯಾರೆಂದು ತಿಳಿದರೆ ಸಾಕು, ಉಳಿದವರ ವಿವರ ನಮಗೆ ಬೇಕಿಲ್ಲ, ಬೇಕಿಲ್ಲದ್ದನ್ನು ನಾವು ಕೇಳುವುದಿಲ್ಲ ಎಂದಿತು. ಕೇಳಲೇಬೇಕೆಂದು ಆಜ್ಞೆ ಮಾಡಿರೆಂದು ಐಕ್ಯಾನ್ ನ್ಯಾಯಾಲಯದ ಮೊರೆ ಹೊಕ್ಕಿತು. ಅದೇ ತಿಂಗಳಲ್ಲಿ ನ್ಯಾಯಾಲಯವು ಅಂಥ ಆಜ್ಞೆಯನ್ನು ಕೊಡಲು ನಿರಾಕರಿಸಿತು. ಆ ಹೆಚ್ಚಿನ ವಿವರ ಏಕೆ ಅವಶ್ಯಕವೆಂಬುದನ್ನು ಐಕ್ಯಾನ್ ತೋರಿಸಿಕೊಡಲಿಲ್ಲ ಎಂಬುದು ಕಾರಣ. ಅವಶ್ಯಕತೆಯಿದ್ದಷ್ಟನ್ನೇ ಪಡೆ, ಮಿಕ್ಕಿದ್ದನ್ನು ಸಂಗ್ರಹಿಸಬೇಡ ಎಂಬ ತತ್ತ್ವ ನಮಗೆ ಹೊಸದಲ್ಲ. ಅಪರಿಗ್ರಹವೆಂಬುದು ಧನಧಾನ್ಯಗಳಿಗೆ ಮಾತ್ರವಲ್ಲ, ಇನ್ನೊಬ್ಬರ ವಿವರಗಳಿಗೂ ಅನ್ವಯಿಸುತ್ತದೆ ಎಂದು ತಿಳಿದರೆ ಸಾಕು.

ಆಮೇಲಿನ ವರ್ಷಗಳಲ್ಲಿ ಈ ದಾರಿ ಗಟ್ಟಿಯಾಯಿತು. ಸಕಾರಣವುಳ್ಳವರು ಮರೆಯ ಹಿಂದಿನ ವಿವರವನ್ನು ಕೋರಿ ಅರ್ಜಿ ಸಲ್ಲಿಸುವುದಕ್ಕೆ ಐಕ್ಯಾನ್ 2023ರ ನವೆಂಬರಿನಲ್ಲಿ ಒಂದು ವ್ಯವಸ್ಥೆಯನ್ನು ಆರಂಭಿಸಿತು. 1982ರಿಂದ ನಡೆದುಬಂದ ‘ಹೂ ಈಸ್’ ವಿಧಾನವನ್ನು ಡಾಟ್ ಕಾಮ್ ಮುಂತಾದ ಸಾಮಾನ್ಯ ಹೆಸರುಗಳಿಗೆ ನಡೆಸಲೇಬೇಕೆಂಬ ಕಡ್ಡಾಯ 2025ರ ಜನವರಿ 28ರಂದು ಕೊನೆಗೊಂಡಿತು. ಅದರ ಸ್ಥಾನಕ್ಕೆ ಬಂದಿರುವ ‘ಆರ್‌ಡ್ಯಾಪ್’ ಎಂಬ ವಿಧಾನದಲ್ಲಿ, ಕೇಳುವವನು ಯಾರೆಂಬುದನ್ನು ನೋಡಿ ಅವನ ಅರ್ಹತೆಗೆ ತಕ್ಕಷ್ಟು ತೋರಿಸುವ ಅನುಕೂಲವಿದೆ. ತಾತ್ಕಾಲಿಕವಾಗಿದ್ದ ನಿಯಮದ ಸ್ಥಾನದಲ್ಲಿ 2025ರ ಆಗಸ್ಟ್ 21ರಿಂದ ಸ್ಥಿರವಾದ ನೀತಿ ಜಾರಿಗೆ ಬಂದಿದೆ. ಪುಸ್ತಕ ಸುಟ್ಟುಹೋಗಲಿಲ್ಲ, ಹೆಬ್ಬಾಗಿಲಿನಿಂದ ಪೆಟ್ಟಿಗೆಗೆ ಬಂದಿತು.

ನಮ್ಮ ದೇಶದ ಕಾನೂನು

ನಮ್ಮ ದೇಶದಲ್ಲಿ ಖಾಸಗಿತನದ ಹಕ್ಕಿಗೆ ಸಂವಿಧಾನದ ಬಲ ದೊರೆತದ್ದರಲ್ಲಿ ಕನ್ನಡ ನಾಡಿನ ಹಿರಿಯರೊಬ್ಬರ ಪಾತ್ರವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದಾಗ ಅವರ ವಯಸ್ಸು ಎಂಬತ್ತನ್ನು ದಾಟಿತ್ತು. ಆ ಮೊಕದ್ದಮೆಯಲ್ಲಿ ಎದ್ದ ಮೂಲಭೂತ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಒಮ್ಮತದಿಂದ ಉತ್ತರ ಕೊಟ್ಟಿತು: ಖಾಸಗಿತನವು ಸಂವಿಧಾನದ 21ನೆಯ ವಿಧಿಯಲ್ಲಿ ಹೇಳಿದ ಜೀವಿಸುವ ಹಕ್ಕಿನ ಅಂಗವೇ ಆಗಿದೆ. ಬಳಿಕ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯು ಅಂಗೀಕೃತವಾಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಹಂತಹಂತವಾಗಿ ಜಾರಿಗೆ ಬರುವಂತೆ ಅವುಗಳನ್ನು ರಚಿಸಲಾಗಿದೆ.

ಈ ಕಾಯ್ದೆಯಲ್ಲಿ ಗೃಹಸ್ಥರು ವಿಶೇಷವಾಗಿ ಗಮನಿಸಬೇಕಾದ ಒಂದು ಮಾತಿದೆ. ಒಬ್ಬನು ತನ್ನ ವಿವರವನ್ನು ತಾನಾಗಿಯೇ ಸಾರ್ವಜನಿಕರಿಗೆ ಪ್ರಕಟಿಸಿದ್ದರೆ ಆ ವಿವರಕ್ಕೆ ಈ ಕಾಯ್ದೆಯ ರಕ್ಷಣೆ ಅನ್ವಯಿಸುವುದಿಲ್ಲ. ಅಂದರೆ, ಜಾಲತಾಣದ ‘ಸಂಪರ್ಕಿಸಿ’ ಎಂಬ ಪುಟದಲ್ಲಿ ನಾವೇ ಮನೆಯ ವಿಳಾಸವನ್ನೂ ಸ್ವಂತ ಮೊಬೈಲ್ ಸಂಖ್ಯೆಯನ್ನೂ ಹಾಕಿಬಿಟ್ಟರೆ, ರಿಜಿಸ್ಟ್ರಾರ್ ಎಷ್ಟೇ ಮರೆ ಕಟ್ಟಿದರೂ ಪ್ರಯೋಜನವಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತೆ.

ಗೃಹಸ್ಥರೂ ಸಂಸ್ಥೆಗಳೂ ಮಾಡಬೇಕಾದುದು

ಮೊದಲನೆಯದಾಗಿ, ರಿಜಿಸ್ಟ್ರಾರ್‌ಗೆ ಕೊಡುವ ವಿವರ ನಿಜವಾಗಿರಲಿ. ಮರೆ ಬೇಕೆಂದು ಸುಳ್ಳು ಹೇಳುವುದು ತಪ್ಪು. ಅದರಿಂದ ನಷ್ಟವೂ ಇದೆ. ಐಕ್ಯಾನಿನ 2013ರ ಕರಾರಿನ ಪ್ರಕಾರ, ಸಂಪರ್ಕದ ವಿವರವನ್ನು ದೃಢಪಡಿಸಿರೆಂದು ಬಂದ ಸಂದೇಶಕ್ಕೆ 15 ದಿನಗಳಲ್ಲಿ ಉತ್ತರಿಸದಿದ್ದರೆ ಹೆಸರನ್ನು ತಡೆಹಿಡಿಯಬಹುದು. ಸುಳ್ಳು ವಿವರ ಕೊಟ್ಟವನು, ನಾಳೆ ಹೆಸರು ಕಳುವಾದರೆ ಅದು ತನ್ನದೆಂದು ಸಾಧಿಸುವುದೂ ಕಷ್ಟ.

ಎರಡನೆಯದಾಗಿ, ಸಂಸ್ಥೆಯ ಹೆಸರು ಸಂಸ್ಥೆಯದೇ ಆಗಿರಲಿ. ಮಠದ, ಶಾಲೆಯ, ಬಳಗದ ಜಾಲತಾಣವನ್ನು ಉತ್ಸಾಹಿ ತರುಣನೊಬ್ಬನ ಹೆಸರಿನಲ್ಲಿ, ಅವನ ಮನೆಯ ವಿಳಾಸದಲ್ಲಿ ನೋಂದಾಯಿಸುವುದು ನಮ್ಮಲ್ಲಿ ಸಾಮಾನ್ಯ. ಇದು ಅವನ ಮನೆಯವರಿಗೂ ಸಂಸ್ಥೆಗೂ ಒಳ್ಳೆಯದಲ್ಲ. ಅವನು ಪರದೇಶಕ್ಕೆ ಹೋದರೆ ಹೆಸರಿನ ಬೀಗದ ಕೈ ಅವನೊಡನೆ ಹೋಗುತ್ತದೆ. ಟ್ರಸ್ಟಿನ ಹೆಸರು, ಕಚೇರಿಯ ವಿಳಾಸ, ಕಚೇರಿಯ ದೂರವಾಣಿ, ಕಾರ್ಯದರ್ಶಿ ಎಂಬ ಹುದ್ದೆಯ ಇ-ಮೇಲ್ ಇವುಗಳನ್ನೇ ಕೊಡಬೇಕು. ಹಣ ಸಂಗ್ರಹಿಸುವ ಸಂಸ್ಥೆಯಾದರೆ ತನ್ನ ಹೆಸರು ವಿಳಾಸಗಳನ್ನು ಜಾಲತಾಣದಲ್ಲಿ ಎದ್ದುಕಾಣುವಂತೆ ತಾನೇ ಪ್ರಕಟಿಸಬೇಕು. ಮರೆಯ ಅಗತ್ಯವಿರುವುದು ವ್ಯಕ್ತಿಗೆ, ಸಾರ್ವಜನಿಕರ ಹಣ ಪಡೆಯುವ ಸಂಸ್ಥೆಗಲ್ಲ.

ಮೂರನೆಯದಾಗಿ, ಸ್ವಂತ ಹೆಸರಿನಲ್ಲಿ ನೋಂದಾಯಿಸುವವರು, ಬಹಿರಂಗವಾಗಿ ಏನು ಕಾಣುತ್ತದೆ ಎಂದು ರಿಜಿಸ್ಟ್ರಾರ್‌ನನ್ನು ಮೊದಲೇ ಕೇಳಬೇಕು. ರಾಜ್ಯ ಮತ್ತು ದೇಶದ ಹೆಸರುಗಳು ಸಾಮಾನ್ಯವಾಗಿ ಕಾಣುತ್ತವೆ, ಅದರಿಂದ ತೊಂದರೆಯಿಲ್ಲ. ‘ಸಂಸ್ಥೆ’ ಎಂಬ ಜಾಗದಲ್ಲಿ ಬರೆದದ್ದು ಬಹಿರಂಗವಾಗುವ ಸಂಭವವಿರುವುದರಿಂದ ಅಲ್ಲಿ ಮನೆಯವರ ಹೆಸರನ್ನು ಬರೆಯಬಾರದು. ದೇಶಗಳ ಹೆಸರಿನಿಂದ ಮುಗಿಯುವ ಡೊಮೇನ್‌ಗಳಿಗೆ ಆಯಾ ದೇಶದ ಸಂಸ್ಥೆಯೇ ನಿಯಮ ಮಾಡುವುದರಿಂದ, ಡಾಟ್ ಕಾಮ್‌ಗೆ ಇರುವ ನಿಯಮ ಎಲ್ಲಕ್ಕೂ ಇದೆಯೆಂದು ಭಾವಿಸಬಾರದು. ನೋಂದಣಿಯಾದ ಮೇಲೆ ಐಕ್ಯಾನಿನ ಹುಡುಕುವ ಪುಟದಲ್ಲಿ ನಮ್ಮದೇ ಹೆಸರನ್ನು ಕೊಟ್ಟು, ಏನು ಕಾಣುತ್ತದೆಂದು ಸ್ವತಃ ನೋಡುವುದು ಉತ್ತಮ. ಇದಕ್ಕೆ ಹಣ ಬೇಕಿಲ್ಲ. ಪ್ರತ್ಯೇಕ ಮರೆಯ ಸೇವೆ ಪಡೆಯುವುದಾದರೆ ಅದರ ಷರತ್ತುಗಳನ್ನು ಓದಬೇಕು. ಕೆಲವು ಸೇವೆಗಳಲ್ಲಿ ಖಾತೆಯ ಪ್ರಕಾರ ಹೆಸರಿನ ಒಡೆತನ ಆ ಸೇವಾ ಸಂಸ್ಥೆಯ ಹೆಸರಿನಲ್ಲಿಯೇ ಇರುತ್ತದೆ.

ನಾಲ್ಕನೆಯದಾಗಿ, ನವೀಕರಣದ ಹಣವನ್ನು ಹೆಸರು ಪಡೆದ ರಿಜಿಸ್ಟ್ರಾರ್‌ಗಲ್ಲದೆ ಬೇರೆ ಯಾರಿಗೂ ಕಟ್ಟಬಾರದು. ಪತ್ರ ಬಂದಿತು, ಕರೆ ಬಂದಿತು ಎಂದು ಗಾಬರಿಯಾಗಬಾರದು. ಜಾಲತಾಣದ ಕೆಲಸಕ್ಕೆಂದೇ ಬೇರೊಂದು ಇ-ಮೇಲ್ ಇರಲಿ. ಅದರ ಗುಪ್ತಪದವನ್ನು ಹಂಚಿಕೊಳ್ಳಬೇಡಿ. ವಂಚನೆಗೊಳಗಾದರೆ ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ದೂರು ಕೊಡಿ. ಯಾರಾದರೂ ನಮ್ಮ ಸಂಸ್ಥೆಯ ಹೆಸರನ್ನೇ ಕದ್ದು ನೋಂದಾಯಿಸಿದ್ದರೆ ಅದನ್ನು ಬಿಡಿಸಿಕೊಳ್ಳಲು ಐಕ್ಯಾನ್ 1999ರಿಂದಲೇ ವ್ಯಾಜ್ಯಪರಿಹಾರದ ಕ್ರಮವನ್ನು ನಡೆಸುತ್ತಿದೆ. ಡಾಟ್ ಇನ್ ಹೆಸರುಗಳಿಗೂ ಪ್ರತ್ಯೇಕ ಕ್ರಮವಿದೆ. ದೂರು ದಾಖಲಾದಾಗ ರಿಜಿಸ್ಟ್ರಾರ್ ಒಡೆಯನ ವಿವರವನ್ನು ನಿರ್ಣಾಯಕರಿಗೆ ಒದಗಿಸುತ್ತಾನೆ. ಮರೆಯಿದ್ದರೂ ನ್ಯಾಯಕ್ಕೆ ದಾರಿಯಿದೆ ಎಂಬುದಕ್ಕೆ ಇದೇ ನಿದರ್ಶನ.

ಅಂಕಿತದ ಪಾಠ

ಹನ್ನೆರಡನೆಯ ಶತಮಾನದ ಬಹುಪಾಲು ಶರಣರು ತಮ್ಮ ವಚನಗಳ ಕೊನೆಗೆ ತಮ್ಮ ಹೆಸರನ್ನು ಬರೆಯಲಿಲ್ಲ. ಬಸವಣ್ಣನವರು ಕೂಡಲಸಂಗಮದೇವನೆಂದರು, ಅಲ್ಲಮಪ್ರಭುಗಳು ಗುಹೇಶ್ವರನೆಂದರು, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನೆಂದರು. ಅಂಕಿತವು ವಚನ ಯಾರದೆಂಬುದನ್ನು ಹೇಳುತ್ತದೆ. ಆಡಿದ ಮಾತಿನ ಹೊಣೆಯನ್ನು ಹೊರುತ್ತದೆ. ಆದರೆ ಅದು ಮನೆಯ ವಿಳಾಸವಲ್ಲ. ಶರಣರು ಅಂಕಿತವನ್ನು ಬಳಸಿದ್ದು ಭಕ್ತಿಯಿಂದ, ಅಹಂಕಾರವನ್ನು ಕಳೆದುಕೊಳ್ಳುವುದಕ್ಕಾಗಿ. ಭಯದಿಂದಲ್ಲ ಎಂಬುದನ್ನು ನಾವು ಬಲ್ಲೆವು. ಆದರೂ ಗುರುತು ಬೇರೆ, ವಿಳಾಸ ಬೇರೆ ಎಂಬ ಪಾಠವನ್ನು ನಾವು ಅಲ್ಲಿಂದ ಕಲಿಯಬಹುದು. ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಧರಿಸುವವರಿಗೆ, ಮುಚ್ಚಿಟ್ಟದ್ದೆಲ್ಲವೂ ಕಪಟವಲ್ಲ, ಕೆಲವನ್ನು ಗೌರವದಿಂದಲೂ ಮುಚ್ಚಿಡುತ್ತೇವೆ ಎಂದು ಹೇಳಬೇಕಾಗಿಲ್ಲ.

ಆ ಉಪನ್ಯಾಸಕಿಯವರು 2019ರಲ್ಲಿ ಮತ್ತೆ ಜಾಲತಾಣವನ್ನು ತೆರೆದರು. ಈ ಸಲ ಅದು ಬಳಗದ ಹೆಸರಿನಲ್ಲಿದೆ. ವಿಳಾಸ ಬಳಗದ ಕಚೇರಿಯದು. ಲೇಖನಗಳ ಕೆಳಗೆ ಅವರ ಹೆಸರು ಹಿಂದಿನಂತೆಯೇ ಇದೆ, ಏಕೆಂದರೆ ಬರೆದದ್ದಕ್ಕೆ ಅವರು ಅಂಜುವವರಲ್ಲ. ಆದರೆ 2014ರಲ್ಲಿ ಬಯಲಾದ ಆ ಹಳೆಯ ವಿವರವನ್ನು ಯಾರೂ ಪೂರ್ತಿಯಾಗಿ ಅಳಿಸಲಾರರು. ಅಂದಿನ ಪುಸ್ತಕದ ಪುಟಗಳನ್ನು ನಕಲು ಮಾಡಿಟ್ಟುಕೊಂಡು ಇಂದಿಗೂ ಹಣಕ್ಕೆ ಕೊಡುವ ಸಂಸ್ಥೆಗಳಿವೆ. ಅವರು ಮೊಬೈಲ್ ಸಂಖ್ಯೆಯನ್ನು ಬದಲಾಯಿಸಿದರು. ಮನೆಯನ್ನು ಬದಲಾಯಿಸಲಾಗಲಿಲ್ಲ, ಅದು ಅವರ ತಂದೆಯವರು ಕಟ್ಟಿಸಿದ್ದು. ಕತ್ತಲಾದ ಮೇಲೆ ಗೇಟಿನ ಸದ್ದಾದರೆ ಅವರ ತಾಯಿ ಈಗಲೂ ಎದ್ದು ಕುಳಿತುಕೊಳ್ಳುತ್ತಾರಂತೆ.

ಆದ್ದರಿಂದ, ನಿಮ್ಮ ಮನೆಯ ಮಕ್ಕಳು ಜಾಲತಾಣವನ್ನು ಮಾಡುತ್ತೇವೆಂದರೆ ಬೇಡವೆನ್ನಬೇಡಿರಿ. ನೋಂದಣಿಯ ಅರ್ಜಿಯನ್ನು ತುಂಬುವಾಗ ಒಂದು ಗಳಿಗೆ ಅವರ ಪಕ್ಕದಲ್ಲಿ ಕುಳಿತು, ಇದನ್ನು ಯಾರು ಯಾರು ಓದುತ್ತಾರೆ ಮಗು ಎಂದು ಕೇಳಿರಿ. 2014ರಲ್ಲಿ ನಾವು ಕೇಳದೆ ಬಿಟ್ಟ ಪ್ರಶ್ನೆ ಅದು.